ನಾಲ್ಕನೆಯ ‘ಬೇಡ’

ಪರದೆಯ ಮೇಲೆ ಹಾರ್ಲನ್ ಕ್ವಾಮೆ ಮೇಷ್ಟ್ರ ಕೈ ನಾಲ್ಕನೆಯ ಸಲ ಮುಂದೆ ಬಂತು.

“ನಿಲ್ಸು,” ಎಂದಳು ಬೆರಿಟ್.

ರೇನಾಲ್ಡೊ ಗುಂಡಿ ಒತ್ತಿದ. ಮಿನಿಯಾಪೊಲಿಸ್ ವಿಮಾನ ನಿಲ್ದಾಣದ ಪೊಲೀಸ್ ಕೋಣೆಯಲ್ಲಿ ಆ ಭಾನುವಾರ ಬೆಳಿಗ್ಗೆ ಅವರಿಬ್ಬರೇ ಇದ್ದರು. ಕಿಟಕಿಯಾಚೆ ಹಿಮ ಉದುರಲೋ ಬೇಡವೋ ಎಂದು ಯೋಚಿಸುತ್ತಿತ್ತು.

ನಿಂತುಹೋದ ಚಿತ್ರದಲ್ಲಿ ಮೇಷ್ಟ್ರ ಮುಖ ನಿಚ್ಚಳವಾಗಿತ್ತು. ಊರಿನ ಎರಡು ತಲೆಮಾರಿಗೆ ಗುಣಾಕಾರ ಕಲಿಸಿದ ಮುಖ. ಅವರೆದುರು ನಿಂತವಳ ಬೆನ್ನು ಮಾತ್ರ ಕಾಣುತ್ತಿತ್ತು. ಬೆನ್ನಿನ ಮೇಲೆ ಬಿಳಿ ಚುಕ್ಕಿಯ ಕಪ್ಪು ಉಣ್ಣೆಯಂಗಿ, ತಲೆಗೆ ಉಣ್ಣೆಯ ಟೋಪಿ, ಕೈಯಲ್ಲಿ ನೀಲಿ ಬಟ್ಟೆಯ ಚೀಲ.

ಅದರಿಂದ ಏನೂ ತಿಳಿಯುವಂತಿರಲಿಲ್ಲ. ಬೆರಿಟ್‌ಳ ಊರಿನ ಚರ್ಚಿನಿಂದ ನಾರ್ವೆಗೆ ಹೋಗಿಬಂದ ಒಂಬತ್ತು ಮಂದಿಯೂ ಅಲ್ಲಿ ಒಂದೇ ಅಂಗಡಿಯಲ್ಲಿ ಅದೇ ಅಂಗಿ, ಅದೇ ಟೋಪಿ ಕೊಂಡು, ತೊಟ್ಟುಕೊಂಡೇ ವಿಮಾನ ಹತ್ತಿದ್ದರು. ನೀಲಿ ಚೀಲವನ್ನು ಪ್ರವಾಸದ ಕಂಪನಿಯೇ ಎಲ್ಲರಿಗೂ ಹಂಚಿತ್ತು.

ಅವರು ನೋಡಿಬಂದ ನಾರ್ವೆಯ ಹಳ್ಳಿಯೊಂದರ ಚರ್ಚಿನಲ್ಲಿ ಮುನ್ನೂರು ವರ್ಷ ಮದುವಣಗಿತ್ತಿಯರ ತಲೆಯೇರಿದ್ದ ಬೆಳ್ಳಿ ಕಿರೀಟ ಮಾಯವಾಗಿ, ಕಳೆದ ಬುಧವಾರ ಬೆರಿಟ್‌ಳ ಊರಿನ ಚರ್ಚಿನ ನೆಲಮಾಳಿಗೆಯಲ್ಲಿ, ಯಾರೂ ಬಳಸದ ದೊಡ್ಡ ಕಾಫಿ ಹಂಡೆಯೊಳಗೆ ಸಿಕ್ಕಿತ್ತು. ಕ್ವಾಮೆ ಮೇಷ್ಟ್ರು ಅದನ್ನು ತಂದವನು ನಾನೇ ಎಂದು ಒಪ್ಪಿಕೊಂಡಿದ್ದರು.

ಒಪ್ಪಿಕೊಂಡ ಮೇಲೆ ಯಾರೂ ಹೆಚ್ಚು ಹುಡುಕುವುದಿಲ್ಲ. ಅನುಮಾನಕ್ಕೂ ಎಡೆಯಿರಲಿಲ್ಲ. ಕಿರೀಟ ಕಾಣೆಯಾದ ಸುದ್ದಿ ನಿಲ್ದಾಣಕ್ಕೆ ಬಂದಾಗ ವಿಮಾನ ಆಗಷ್ಟೇ ನೆಲ ಮುಟ್ಟಿತ್ತು. ಎಂಟು ಮಂದಿಯ ಚೀಲ, ಪೆಟ್ಟಿಗೆ ಎಲ್ಲ ಬಿಚ್ಚಿಸಿ ನೋಡಿದರು. ಒಂಬತ್ತನೆಯವರು ಅಷ್ಟರಲ್ಲಿ ಹೊರಗೆ ಹೋಗಿಯಾಗಿತ್ತು. ಮೇಷ್ಟ್ರು ತಪಾಸಣೆಗೆ ಕಾಯದೆ ದಾಟುವ ‘ನಂಬಿಕೆಯ ಸಾಲಿ’ನ ಸದಸ್ಯರು. ಹಣ ಕಟ್ಟಿ, ಬೆರಳಚ್ಚು ಕೊಟ್ಟು, ಹಳೆಯ ಬದುಕನ್ನೆಲ್ಲ ಜಾಲಾಡಿಸಿಕೊಂಡು, ಅಧಿಕಾರಿಯ ಎದುರು ಕೂತು ಉತ್ತರ ಹೇಳಿ ಗೆದ್ದವರಿಗೆ ಆ ಸಾಲು. ಅಲ್ಲಿ ಯಂತ್ರಕ್ಕೆ ಮುಖ ತೋರಿಸಿದರೆ ಸಾಕು, ದಾರಿ ಬಿಡುತ್ತದೆ.

“ಹಣ ಕಟ್ಟಿ ನಂಬಿಕೆ ತಗೊಳ್ಳೋದು. ಚೆನ್ನಾಗಿದೆ,” ಎಂದ ರೇನಾಲ್ಡೊ. ಅವನು ಟೆಕ್ಸಾಸಿನವನು, ಮಿನೆಸೋಟಕ್ಕೆ ಬಂದದ್ದು ಹೋದ ವರ್ಷ. “ಅದಿರ್ಲಿ. ಈ ಹೆಂಗಸು ನಾಲ್ಕು ಸಲ ತಲೆ ಅಲ್ಲಾಡಿಸ್ತಾಳೆ, ಆಮೇಲೆ ಚೀಲ ಕೊಡ್ತಾಳೆ. ಕೊಡೋದಾದ್ರೆ ಮೊದಲೇ ಕೊಡಬಾರದಾ?”

“ಮೊದಲ್ನೇ ಸಲಕ್ಕೇ ಕೊಟ್ರೆ ನಾಚಿಕೆಗೇಡು ಕಣೋ.”

“ನಮ್ಮ ಕಡೆ ಬೇಡ ಅಂದ್ರೆ ಬೇಡ. ಎರಡನೇ ಸಲ ಕೇಳಿದ್ರೆ, ಕಿವುಡನೇನೋ ಅಂತಾರೆ.”

ಬೆರಿಟ್ ಅವನಿಗೆ, ನಾರ್ವೆಯಿಂದ ಬಂದು ಮಿನೆಸೋಟದಲ್ಲಿ ನೆಲೆಸಿದ ತನ್ನವರ ರೀತಿಯನ್ನು ಬಿಡಿಸಿ ಹೇಳಿದಳು. ಕಾಫಿ ಬೇಕೇ ಎಂದು ಕೇಳಿದರೆ ಮೊದಲು ಬೇಡ ಎನ್ನಬೇಕು. ಮತ್ತೆ ಕೇಳಿದರೆ, ನಿಮಗೇಕೆ ತೊಂದರೆ ಎನ್ನಬೇಕು. ಮೂರನೆಯ ಸಲ ಕೇಳಿದಾಗ, ಹೇಗೂ ಮಾಡಿದ್ದೀರಲ್ಲ, ಅರ್ಧ ಲೋಟ ಕೊಡಿ ಎಂದು ಕೈ ಚಾಚಬೇಕು. ಕೇಳುವವರೂ ಅಷ್ಟೇ, ಮೂರು ಸಲ ಕೇಳದಿದ್ದರೆ ಅದು ಕೇಳಿದಂತೆಯೇ ಅಲ್ಲ. ಅವಳ ಅಜ್ಜಿ ಸಾಯುವ ಮುನ್ನ ನೀರನ್ನೂ ಎರಡು ಸಲ ಬೇಡ ಎಂದಿದ್ದಳು.

“ಮೂರಾದ ಮೇಲೂ ಬೇಡ ಅಂದ್ರೆ?”

ಬೆರಿಟ್ ಪರದೆಯತ್ತ ತಿರುಗಿದಳು. ಈ ದೃಶ್ಯವನ್ನು ಮತ್ತೆ ಮತ್ತೆ ಹಾಕಿಸಿಕೊಂಡು ನೋಡುತ್ತಿದ್ದುದು ಏಕೆಂದು ಅವಳಿಗೆ ಆಗಲೇ ಹೊಳೆದದ್ದು.

“ಅದು ನಿಜವಾದ ಬೇಡ,” ಎಂದಳು.

ರೇನಾಲ್ಡೊ ಚಿತ್ರವನ್ನು ಮುಂದಕ್ಕೆ ಬಿಟ್ಟ. ನಾಲ್ಕನೆಯ ಸಲವೂ ಆಕೆಯ ತಲೆ ಅಡ್ಡಡ್ಡ ಆಡಿತು. ಹೆಗಲ ಮೇಲಿಂದ ಹಿಂದಿನ ಗೋಡೆಯತ್ತ ಒಮ್ಮೆ ತಿರುಗಿ ನೋಡಿದಳು, ಯಾರೋ ಬರುತ್ತಿದ್ದಾರೆ ಎಂಬಂತೆ; ಆಗಲೂ ಟೋಪಿಯ ಅಂಚಿಗೆ ಮುಖ ಮರೆಯಾಗಿತ್ತು. ಅಷ್ಟರಲ್ಲಿ ಮೇಷ್ಟ್ರು ನಗುತ್ತಾ ಆಕೆಯ ಬೆರಳುಗಳಿಂದ ಚೀಲದ ಹಿಡಿಯನ್ನು ಬಿಡಿಸಿಕೊಂಡರು. ತಮ್ಮ ಕಂದು ಚರ್ಮದ ಚೀಲ ಒಂದು ಕೈಯಲ್ಲಿ, ಈ ನೀಲಿ ಚೀಲ ಇನ್ನೊಂದರಲ್ಲಿ. ಕುಂಟುತ್ತಾ ನಂಬಿಕೆಯ ಸಾಲಿನತ್ತ ನಡೆದರು.

“ಅಂದ್ರೆ ಕಳ್ಳಿ ಕೊಡಲ್ಲ ಅಂತಾಳೆ, ಮುದುಕಪ್ಪ ಸೌಜನ್ಯಕ್ಕೆ ಕಿತ್ಕೊಂಡು ಹೋಗ್ತಾನೆ,” ಎಂದ ರೇನಾಲ್ಡೊ. “ಅವಳನ್ನ ಬಚಾವ್ ಮಾಡಿದ್ದೇ ಇವನು. ಅದೂ ಗೊತ್ತಿಲ್ದೆ.”

ನಗು ಬರಬೇಕಿತ್ತು. ಬೆರಿಟ್‌ಗೆ ಬರಲಿಲ್ಲ. ನಾಳೆ ಬೆಳಿಗ್ಗೆ ಸರ್ಕಾರಿ ವಕೀಲರು ಮೇಷ್ಟ್ರ ಮೇಲೆ ಕಳ್ಳಸಾಗಣೆಯ ಮೊಕದ್ದಮೆ ಹೂಡುವವರಿದ್ದರು. ಚೀಲದ ಒಡತಿಯ ಹೆಸರು ಅಷ್ಟರೊಳಗೆ ಸಿಗದಿದ್ದರೆ, ಎಪ್ಪತ್ತೆಂಟು ದಾಟಿದ ಆ ಮನುಷ್ಯ ಉಳಿದ ಆಯುಷ್ಯವನ್ನು ಜೈಲಿನಲ್ಲಿ ಕಳೆಯಬೇಕಾಗುತ್ತಿತ್ತು. ಹೆಸರು ಗೊತ್ತಿದ್ದವರು ಅವರೊಬ್ಬರೇ.

ಅವಳು ಕೋಟು ತೊಟ್ಟುಕೊಂಡಳು.

*

ಅವಳು ತನ್ನೂರಿನ ಚರ್ಚಿಗೆ ಬರುವ ಹೊತ್ತಿಗೆ ಪ್ರಾರ್ಥನೆ ಮುಗಿದು, ಜನ ನೆಲಮಾಳಿಗೆಗೆ ಇಳಿದಿದ್ದರು. ಹೊರಗೆ ಹಿಮ ಹಿಡಿದುಕೊಂಡಿತ್ತು. ಒಳಗೆ ಕಾಫಿಯ ಹಬೆ, ಒದ್ದೆ ಉಣ್ಣೆಯ ವಾಸನೆ, ತಗ್ಗಿಸಿದ ದನಿಗಳು.

ಮೇಷ್ಟ್ರು ಮೂಲೆಯ ಮೇಜಿನಲ್ಲಿ ಒಬ್ಬರೇ ಕೂತಿದ್ದರು. ಯಾರೂ ಅವರನ್ನು ಒಂದು ಮಾತು ಅಂದಿರಲಿಲ್ಲ. ಆ ಊರಿನಲ್ಲಿ ಅನ್ನುವುದಿಲ್ಲ. ಸುತ್ತಲಿನ ಕುರ್ಚಿಗಳನ್ನು ಮಾತ್ರ ಖಾಲಿ ಬಿಟ್ಟಿದ್ದರು. ಮತ್ತೆ ಆ ಖಾಲಿಯನ್ನು ಮುಚ್ಚಲೆಂಬಂತೆ ಒಬ್ಬೊಬ್ಬರಾಗಿ ಬಂದು ಅವರ ಮುಂದೆ ಸಿಹಿಯ ತಟ್ಟೆ ಇಟ್ಟು ಹೋಗಿದ್ದರು. ತಟ್ಟೆಗಳ ನಡುವೆ ಅವರ ಕೈಗಳು ಬಚ್ಚಿಟ್ಟುಕೊಂಡಂತಿದ್ದವು.

ಪಾಸ್ಟರ್ ಕೋರಾ ಲಿಂಡೆಮ್ ಮೆಟ್ಟಿಲ ಬಳಿಯೇ ಬೆರಿಟ್‌ಳನ್ನು ತಡೆದು ಕೈ ಹಿಡಿದುಕೊಂಡರು. ನಾರ್ವೆ ಪ್ರವಾಸವನ್ನು ಮುಂದೆ ನಿಂತು ನಡೆಸಿದ್ದು ಈಕೆಯೇ. ಬುಧವಾರದಿಂದ ದಿನಾ ಸಂಜೆ ಮೇಷ್ಟ್ರ ಮನೆಗೆ ಹೋಗಿ ಜೊತೆಗೆ ಪ್ರಾರ್ಥನೆ ಮಾಡುತ್ತಿರುವುದಾಗಿ, ತಪ್ಪೊಪ್ಪಿಕೊಂಡ ಮನಸ್ಸು ಹಗುರಾಗುತ್ತದೆಂದು ಧೈರ್ಯ ತುಂಬಿರುವುದಾಗಿ ಮೆಲುದನಿಯಲ್ಲಿ ಹೇಳಿದರು. ಇನ್ನೂ ಪ್ರಶ್ನೆ ಕೇಳಿ ನೋಯಿಸಬೇಡ ಎಂದೂ ಬೇಡಿಕೊಂಡರು. ಒಂದೆರಡು ಮಾತು ಅಷ್ಟೇ ಎಂದಳು ಬೆರಿಟ್.

ಅಡುಗೆಕೋಣೆಯ ಕಿಟಕಿಯಾಚೆ ಅವಳ ತಾಯಿ ಆರ್ಡಿಸ್ ಕಪ್ಪು ತೊಳೆಯುತ್ತಿದ್ದಳು. ಆರ್ಡಿಸಳೂ ಪ್ರವಾಸಕ್ಕೆ ಹೋಗಿದ್ದವಳೇ. ಅವಳ ಪೆಟ್ಟಿಗೆಯನ್ನು ಬಿಚ್ಚಿಸಿದಾಗ ಒಣಮೀನಿನ ಪೊಟ್ಟಣ ಬಿಟ್ಟು ಬೇರೇನೂ ಸಿಕ್ಕಿರಲಿಲ್ಲ; ಅದರಿಂದಲೇ ಮೇಲಧಿಕಾರಿ ಈ ಪ್ರಕರಣವನ್ನು ಬೆರಿಟ್‌ಳ ಕೈಯಲ್ಲಿ ಉಳಿಸಿದ್ದ. ನಿಮ್ಮೂರಿನವರು ಬೇರೆಯವರ ಮುಂದೆ ಬಾಯಿ ಬಿಡುವುದಿಲ್ಲ ಎಂದಿದ್ದ.

ಬೆರಿಟ್ ಖಾಲಿ ಕುರ್ಚಿಯೊಂದನ್ನು ಎಳೆದುಕೊಂಡು ಮೇಷ್ಟ್ರ ಎದುರು ಕೂತಳು. ಕೂತ ಸದ್ದಿಗೆ ಇಡೀ ಕೋಣೆ ಒಂದು ಗಳಿಗೆ ಮಾತು ನಿಲ್ಲಿಸಿ, ನಾಚಿಕೊಂಡು, ಮತ್ತೆ ಹವಾಮಾನದ ವಿಷಯಕ್ಕೆ ತಿರುಗಿತು.

“ತಿನ್ನಮ್ಮ,” ಎಂದು ಮೇಷ್ಟ್ರು ತಟ್ಟೆ ಸರಿಸಿದರು.

“ಬೇಡ ಮೇಷ್ಟ್ರೇ.”

“ಒಂದಾದ್ರೂ.”

“ಆ ಚೀಲ ಯಾರದು?”

ಅವರು ತಟ್ಟೆಯನ್ನು ಹಾಗೆಯೇ ಹಿಡಿದುಕೊಂಡಿದ್ದರು. “ಎಲ್ಲ ಹೇಳಿದ್ದೀನಲ್ಲ. ನನ್ನದೇ.”

“ನಿಮ್ಮದು ಕಂದು ಚರ್ಮದ್ದು. ನಾನು ಕೇಳ್ತಿರೋದು ನೀಲೀದು. ಬೆಳಿಗ್ಗೆ ನೋಡ್ದೆ.”

ಮೇಷ್ಟ್ರ ಕಿವಿಗಳು ಕೆಂಪಾದವು. ಪೊಲೀಸರು ಮನೆಗೆ ಬಂದಾಗ ಕಾಣದಿದ್ದ ನಾಚಿಕೆ ಆ ಮುಖದಲ್ಲಿ ಈಗ ಕಾಣಿಸಿತು. ಕೇಳದಿದ್ದರೂ ಅವರು ತಾವಾಗಿಯೇ ಮೊಣಕಾಲಿನ ವಿಷಯ ತೆಗೆದರು. ಶಸ್ತ್ರಚಿಕಿತ್ಸೆಯಾದ ಮೇಲೆ ಉದ್ದ ಸಾಲಿನಲ್ಲಿ ನಿಲ್ಲಲು ಆಗುತ್ತಿರಲಿಲ್ಲವಂತೆ. ಮಗ ಹಟ ಹಿಡಿದು ಸದಸ್ಯತ್ವ ಮಾಡಿಸಿದನಂತೆ. ಅದನ್ನು ಚರ್ಚಿನಲ್ಲಿ ಯಾರಿಗೂ ಹೇಳಿರಲಿಲ್ಲ. ಎಲ್ಲರಿಗಿಂತ ಮುಂದೆ ಹೋಗುವ ಚೀಟಿ ನನ್ನ ಬಳಿ ಇದೆ ಎಂದು ಯಾವ ಬಾಯಲ್ಲಿ ಹೇಳುವುದು?

ಸಾಲು ಎರಡಾಗಿ ಒಡೆಯುವ ಕಡೆ ಬಂದಾಗ ಮುಚ್ಚಿಡಲು ಆಗಲಿಲ್ಲ. ಎಂಟು ಮಂದಿ ಗೆಳೆಯರು ಎಡಕ್ಕೆ, ಹಗ್ಗದೊಳಗೆ, ಗಂಟೆಗಟ್ಟಲೆ ನಿಲ್ಲುವ ಕಡೆಗೆ. ತಾನೊಬ್ಬ ಬಲಕ್ಕೆ.

“ನೆಲ ಬಾಯಿಬಿಡಬಾರದಾ ಅನ್ನಿಸ್ತು,” ಎಂದರು. “ಕೊನೇಪಕ್ಷ ಯಾರದಾದ್ರೂ ಭಾರ ಹೊತ್ಕೊಂಡು ಹೋಗೋಣ, ಅಷ್ಟಾದ್ರೂ ಋಣ ತೀರ್ಲಿ ಅಂತ...”

“ಬೇರೆಯವರ ಚೀಲ ಆ ಸಾಲಲ್ಲಿ ಒಯ್ಯಬಾರದು ಅಂತ ನಿಮಗೆ ಗೊತ್ತಿತ್ತು.”

“ಗೊತ್ತಿತ್ತು. ಸದಸ್ಯನಾಗುವಾಗ ಮೊದಲ್ನೇ ಮಾತು ಅದೇ ಹೇಳಿದ್ರು.” ಅವರ ದನಿ ಇನ್ನೂ ಇಳಿಯಿತು. “ಯಂತ್ರಕ್ಕೆ ಮುಖ ತೋರಿಸ್ದೆ, ಹೋಗು ಅಂತು. ಆಚೆ ಕೂತಿದ್ದ ಹುಡುಗ ಕೇಳ್ದ, ಬೇರೆಯವರ ಸಾಮಾನು ಏನಾದ್ರೂ ಇದೆಯಾ ಅಂತ. ಇಲ್ಲಪ್ಪ ಅಂದೆ. ಅವನು ತಲೆ ಎತ್ತಿ ನೋಡ್ಲೇ ಇಲ್ಲ ಬೆರಿಟ್. ನಂಬಿಬಿಟ್ಟ. ನೋಡಿದ್ರೂ ಆಗ್ತಿತ್ತು. ನಂಬಿದ್ದೇ ಸಹಿಸೋಕಾಗ್ಲಿಲ್ಲ.”

ಪಕ್ಕದ ಮೇಜಿನಲ್ಲಿ ಯಾರೋ ತಟ್ಟೆಯ ಕೊನೆಯ ಸಿಹಿ ತುಂಡನ್ನು ಚಾಕುವಿನಿಂದ ಅರ್ಧ ಮಾಡಿ, ಅರ್ಧವನ್ನು ಅಲ್ಲೇ ಬಿಟ್ಟರು.

“ಎಷ್ಟು ಸಲ ಬೇಡ ಅಂದ್ರು ಅವರು?” ಎಂದು ಕೇಳಿದಳು ಬೆರಿಟ್.

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಇವಳು ಎಲ್ಲಿಗೆ ಬಂದು ನಿಂತಿದ್ದಾಳೆಂದು ಅವರಿಗೆ ಅರ್ಥವಾಗಿತ್ತು. ಬೇರೆ ಊರಿನ ಪೊಲೀಸ್ ಆಗಿದ್ದರೆ ಈ ಪ್ರಶ್ನೆ ಕೇಳುತ್ತಿರಲಿಲ್ಲ.

“ನಾಲ್ಕು.”

“ನಾಲ್ಕನೇದು ಕೇಳಿಸ್ತಾ?”

“ಕೇಳಿಸ್ತು. ಅಷ್ಟು ಹೊತ್ತಿಗೆ ನನ್ನ ಕೈ ಚೀಲದ ಮೇಲಿತ್ತು. ವಾಪಸ್ ತೆಗೆಯೋಕೆ ಮುಜುಗರ ಆಯ್ತು.” ಅವರು ಹಿಡಿದಿದ್ದ ತಟ್ಟೆಯನ್ನು ಬಿಟ್ಟರು. “ಹೊರಗೆ ವ್ಯಾನಿನ ಹತ್ತಿರ ಸಾಮಾನಿನ ಜೊತೆ ಇಟ್ಟೆ. ಅವರವರದು ಅವರವರು ತಗೊಂಡ್ರು. ಬುಧವಾರ ಆ ಹಂಡೆಯಲ್ಲಿ ಸಿಕ್ತು ಅಂದಾಗ ನನಗೆ ತಿಳೀತು, ಒಳಗೆ ಏನಿತ್ತು ಅಂತ. ಯಾಕೆ ಅಷ್ಟು ಸಲ ಬೇಡ ಅಂದ್ಲು ಅಂತ.”

ಅಂದ್ಲು. ಇಡೀ ಚರ್ಚಿನಲ್ಲಿ ಮೇಷ್ಟ್ರು ಏಕವಚನದಲ್ಲಿ ಕರೆಯುವ ಹೆಂಗಸರು ಎಷ್ಟು ಮಂದಿ? ಬೆರಿಟ್ ಆ ಯೋಚನೆಯನ್ನು ಅಲ್ಲಿಯೇ ಹಿಡಿದು ನಿಲ್ಲಿಸಿದಳು.

“ಹೆಸರು ಹೇಳಿ ಮೇಷ್ಟ್ರೇ. ನಾಳೆ ಬೆಳಿಗ್ಗೆ ಆದ್ರೆ ನನ್ನ ಕೈಯಲ್ಲಿ ಇರಲ್ಲ.”

“ಕಿತ್ಕೊಂಡವನು ನಾನು. ಸುಳ್ಳು ಹೇಳಿದವನೂ ನಾನೇ.”

“ಕದ್ದವರು ನೀವಲ್ಲ.”

ಮೇಷ್ಟ್ರು ಮೊದಲ ಬಾರಿಗೆ ಅವಳ ಮುಖವನ್ನು ನೇರವಾಗಿ ನೋಡಿದರು. ಆ ನೋಟದಲ್ಲಿ ಕೋಪವಿರಲಿಲ್ಲ. ಅಯ್ಯೋ ಪಾಪ ಎನ್ನುವಂಥ ಮರುಕವಿತ್ತು, ಅದು ತಮ್ಮ ಮೇಲಲ್ಲ.

“ಬೇರೆ ಯಾರು ಬಂದು ಕೇಳಿದ್ರೂ ಹೇಳ್ಬಿಡ್ತಿದ್ನೇನೋ,” ಎಂದರು. “ನಿನಗೆ ಹೇಗಮ್ಮ ಹೇಳ್ಲಿ?”

ಅವರ ಕಣ್ಣು ಅಡುಗೆಕೋಣೆಯ ಕಿಟಕಿಯತ್ತ ಹೋಗಿ, ಅಲ್ಲಿ ನಿಲ್ಲಲಾಗದೆ, ಮೇಜಿನ ಮೇಲೆ ಬಿತ್ತು.

*

ಬೆರಿಟ್ ಎದ್ದದ್ದು, ಕೋಣೆಯನ್ನು ದಾಟಿದ್ದು ಅವಳಿಗೇ ತಿಳಿಯಲಿಲ್ಲ. ಯಾರೋ ಕಾಫಿ ಬೇಕೇ ಎಂದರು. ಬೇಡ ಎಂದಳು. ಮತ್ತೆ ಕೇಳಿದರು. ಉತ್ತರ ಕೊಡದೆ ಅಡುಗೆಕೋಣೆಯ ಬಾಗಿಲು ಎಳೆದುಕೊಂಡಳು.

ಪೊಲೀಸ್ ಬಿಲ್ಲೆ ಸೊಂಟದಲ್ಲಿ ಚುಚ್ಚುತ್ತಿತ್ತು. ಇಷ್ಟು ವರ್ಷ ಎಷ್ಟೋ ತಾಯಂದಿರ ಮುಂದೆ ಕೂತು ನಿಮ್ಮ ಮಗ ಹೀಗೆ ಮಾಡಿದ ಎಂದು ಹೇಳಿದ್ದಳು. ಅವರು ಯಾಕೆ ಮೊದಲು ಅಂಗಿ, ಕೂದಲು, ಮೇಜಿನ ಬಟ್ಟೆ ಸರಿಮಾಡಿಕೊಳ್ಳುತ್ತಿದ್ದರೆಂದು ಈಗ ಅರ್ಥವಾಯಿತು. ಅವಳ ಕೈಯೂ ಕಾಲರನ್ನು ಸರಿಮಾಡುತ್ತಿತ್ತು.

“ಒರೆಸೋ ಬಟ್ಟೆ ಅಲ್ಲಿದೆ,” ಎಂದಳು ಆರ್ಡಿಸ್, ತಿರುಗದೆ. “ಆ ಮನುಷ್ಯನ ಹತ್ರ ಅಷ್ಟು ಹೊತ್ತು ಏನು ಮಾತು?”

“ನೀನು ಅವರಿಗೆ ಕಾಫಿ ಕೊಡ್ಲಿಲ್ಲ.”

“ಒಂದೇ ಬೆಂಚಲ್ಲಿ ಇಷ್ಟು ವರ್ಷ ಪಕ್ಕ ಪಕ್ಕ ಕೂತಿದ್ದೀನಿ. ಈಗ ಕಪ್ಪು ಕೊಡೋಕೂ ಕೈ ಬರಲ್ಲ.” ಅವಳ ಬೆರಳುಗಳು ನೊರೆಯೊಳಗೆ ನಿಂತವು. “ದೇವರ ಮನೆಯಿಂದ ಕದಿಯೋದು ಅಂದ್ರೇನು? ನನಗೇ ತಲೆ ಎತ್ತೋಕಾಗಲ್ಲ.”

ಬೆರಿಟ್ ತಾಯಿಯ ಬೆನ್ನನ್ನು ನೋಡಿದಳು. ಪರದೆಯ ಮೇಲೆ ಕಂಡ ಬೆನ್ನೇ? ಹೌದೆಂದರೆ ಹೌದು. ಕಿರೀಟ ಸಿಕ್ಕ ನೆಲಮಾಳಿಗೆಯ ಬೀಗದ ಕೈ ಈ ಬೆನ್ನಿನವಳ ಬಳಿಯೂ ಇತ್ತು.

“ಅಮ್ಮ. ಅಲ್ಲಿ, ಸಾಲಲ್ಲಿ, ಮೇಷ್ಟ್ರು ನಿನ್ನ ಕೈಯಿಂದ ನೀಲಿ ಚೀಲ ತಗೊಂಡ್ರಾ?”

“ತಗೊಂಡ್ರಾ ಏನು, ಕಿತ್ಕೊಂಡ್ರು. ಬೇಡ ಬೇಡ ಅಂದ್ರೂ.”

“ಕಿರೀಟ ಇದ್ದದ್ದು ಅದರಲ್ಲಿ.”

ನಲ್ಲಿಯಿಂದ ನೀರು ಬೀಳುತ್ತಲೇ ಇತ್ತು. ಆರ್ಡಿಸ್ ನಿಧಾನವಾಗಿ ತಿರುಗಿದಳು. ಅವಳ ಮುಖದಲ್ಲಿ ಭಯವನ್ನು ಹುಡುಕಿದ ಮಗಳಿಗೆ ಭಯ ಕಾಣಲಿಲ್ಲ. ಲೆಕ್ಕ ತಪ್ಪಿದವರ ಗಲಿಬಿಲಿಯಷ್ಟೇ ಇತ್ತು. ಆಮೇಲೆ ಒಂದೊಂದಾಗಿ ಎಲ್ಲ ತಿಳಿಯುತ್ತಾ ಹೋದಂತೆ ಕೆನ್ನೆಯ ಬಣ್ಣ ಇಳಿಯಿತು.

“ಹಾಗಾದ್ರೆ ಹಾರ್ಲನ್...”

“ಕದ್ದವಳು ನೀನು ಅಂದ್ಕೊಂಡಿದ್ದಾರೆ. ನಿನ್ನ ಬದಲು ಜೈಲಿಗೆ ಹೊರಟಿದ್ದಾರೆ.”

ಆರ್ಡಿಸ್ ಸ್ಟೂಲಿನ ಮೇಲೆ ಕುಸಿದಳು. ಬುಧವಾರದಿಂದ ಆ ಮನುಷ್ಯನಿಗೆ ಬೆನ್ನು ತಿರುಗಿಸಿ ಕೂತಿದ್ದೆನಲ್ಲ, ಒಂದು ಲೋಟ ಕಾಫಿಗೂ ದಿಕ್ಕಿಲ್ಲದ ಹಾಗೆ ಮಾಡಿದೆನಲ್ಲ ಎಂದು ತನ್ನೊಳಗೇ ಅಂದುಕೊಂಡಂತೆ ತುಟಿ ಆಡಿತು.

“ನನ್ನದಲ್ಲ ಕಣೇ ಆ ಚೀಲ,” ಎಂದಳು ಕೊನೆಗೆ.

ಬೆರಿಟ್ ಉಸಿರು ಬಿಟ್ಟಳು. ಬಿಟ್ಟದ್ದಕ್ಕೆ ನಾಚಿಕೊಂಡಳು. ಅದು ಮಗಳ ಉಸಿರು, ಪೊಲೀಸಿನದಲ್ಲ. ಅಷ್ಟು ಹೊತ್ತು ತಾಯಿಯನ್ನು ಕಳ್ಳಿಯೆಂದು ನಂಬಿದ್ದೂ ತಾನೇ.

“ಮತ್ತೆ ನಾಲ್ಕು ಸಲ ಬೇಡ ಅಂದದ್ದು?”

“ಇನ್ನೊಬ್ಬರದ್ದು ನಾನು ಹೇಗೆ ಕೊಡ್ಲಿ? ನೋಡ್ಕೊಂಡಿರಿ ಅಂತ ಕೈಗೆ ಕೊಟ್ಟು ಹೋಗಿದ್ರು.”

“ಹಾಗಂತ ಮೇಷ್ಟ್ರಿಗೆ ಹೇಳಬಹುದಿತ್ತು.”

ತಾಯಿಯ ಕುತ್ತಿಗೆ ಕೆಂಪೇರಿತು. “ಬಾತ್‌ರೂಮಿಗೆ ಹೋಗಿದ್ರು. ಒಬ್ಬ ಹೆಂಗಸು ಬಾತ್‌ರೂಮಿಗೆ ಹೋಗಿದ್ದಾಳೆ ಅಂತ ಗಂಡಸಿನ ಎದುರು ಹೇಳ್ತಾರೇನೆ? ಬರ್ತಾರಾ ಅಂತ ತಿರುಗಿ ತಿರುಗಿ ನೋಡ್ದೆ. ಅಷ್ಟರಲ್ಲಿ ಇವರು...”

ಹಿಂದಿನ ಗೋಡೆ. ಆ ಗೋಡೆಯಲ್ಲಿ ಇದ್ದದ್ದು ಹೆಂಗಸರ ಬಾತ್‌ರೂಮಿನ ಬಾಗಿಲು. ದಿನಾ ಓಡಾಡುವ ಜಾಗ, ಬೆರಿಟ್‌ಗೆ ಹೊಳೆದಿರಲಿಲ್ಲ.

“ಯಾರು ಅಮ್ಮ?”

ಇನ್ನೊಬ್ಬರ ಮಾನದ ಮಾತು ಆರ್ಡಿಸಳ ನಾಲಗೆಯ ತುದಿಗೆ ಬಂದು ಹಿಂದಕ್ಕೆ ಸರಿಯುತ್ತಿತ್ತು.

“ಮೇಷ್ಟ್ರನ್ನ ನೋಡು,” ಎಂದಳು ಬೆರಿಟ್. “ಅವರನ್ನ ನೋಡಿ ಹೇಳು.”

ಇಬ್ಬರೂ ಕಿಟಕಿಯಿಂದ ಇಣುಕಿದರು. ಮೂಲೆಯ ಮೇಜಿನ ಮೇಲೆ ತಟ್ಟೆಗಳೆಲ್ಲ ಹಾಗೆಯೇ ಇದ್ದವು. ಕುರ್ಚಿ ಖಾಲಿಯಿತ್ತು.

ಕಪ್ಪುಗಳ ತಟ್ಟೆ ಹಿಡಿದು ಬಾಗಿಲಿಗೆ ಬಂದ ಹೆಂಗಸೊಬ್ಬಳನ್ನು ಬೆರಿಟ್ ಕೇಳಿದಳು. ಈಗಷ್ಟೇ ಹೋದರಲ್ಲ ಎಂದಳು ಆಕೆ. ನಾಳೆಯವರೆಗೂ ಯಾಕೆ ಕೊರಗಬೇಕು, ಮನಸ್ಸು ಗಟ್ಟಿಯಿರುವಾಗಲೇ ನಗರಕ್ಕೆ ಹೋಗಿ ಎಲ್ಲವನ್ನೂ ಬರೆದುಕೊಟ್ಟುಬಿಡೋಣ ಎಂದು ಪಾಸ್ಟರಮ್ಮ ತಾವೇ ಕಾರು ತಂದರಂತೆ. ಎಂಥ ದೊಡ್ಡ ಮನಸ್ಸು ಎಂದು ಸೇರಿಸಿದಳು. ಮೇಷ್ಟ್ರು ಎರಡು ಸಲ ಬೇಡ ಎಂದರಂತೆ.

ಒದ್ದೆ ಕೈಯೊಂದು ಬೆರಿಟ್‌ಳ ತೋಳನ್ನು ಬಿಗಿಯಾಗಿ ಹಿಡಿಯಿತು.

“ಅವರದೇ ಕಣೇ ಚೀಲ,” ಎಂದಳು ಆರ್ಡಿಸ್. “ಪಾಸ್ಟರಮ್ಮನದು.”

ಬೆರಿಟ್ ಮೆಟ್ಟಿಲುಗಳನ್ನು ಓಡಿ ಹತ್ತುತ್ತಲೇ ಮೇಷ್ಟ್ರ ಫೋನಿಗೆ ಕರೆ ಮಾಡಿದಳು. ಅದು ಬಾಗಿಲ ಪಕ್ಕದ ಮೊಳೆಯಲ್ಲಿ, ಅವರ ಕೋಟಿನ ಜೇಬಿನೊಳಗೆ ರಿಂಗಾಯಿತು. ಅಂಥ ಚಳಿಯಲ್ಲಿ ಅವರು ಕೋಟಿಲ್ಲದೆ ಹೋಗಿದ್ದರು.

ಹೊರಗಿನ ಅಂಗಳದಲ್ಲಿ ಕಾರುಗಳೆಲ್ಲ ಹಿಮ ಹೊದ್ದು ನಿಂತಿದ್ದವು. ಹೊರಟುಹೋದದ್ದು ಒಂದೇ. ಅದರ ಗಾಲಿಯ ಗೆರೆಗಳು ಬಿಳಿ ನೆಲದ ಮೇಲೆ ಹೆದ್ದಾರಿಯವರೆಗೆ ಸ್ಪಷ್ಟವಾಗಿ ಕಾಣುತ್ತಿದ್ದವು. ನಗರಕ್ಕೆ ಎಡಕ್ಕೆ ತಿರುಗಬೇಕು.

ಗೆರೆಗಳು ಬಲಕ್ಕೆ, ಈ ಚಳಿಯಲ್ಲಿ ಯಾರೂ ಸುಳಿಯದ ಕೆರೆಗಳ ಕಡೆಗೆ ತಿರುಗಿದ್ದವು.